ಮಗುವನ್ನು ಎಲ್ಲಿಟ್ಟಿರಿ

ಹೊನ್ನಾವರದ ಕಾಲೇಜಿನ ಮಕ್ಕಳನ್ನು ಜಪಾನಿನ ಕೋಯಾ ಬೆಟ್ಟಕ್ಕೆ ಕರೆತಂದ ರೋಹಿಣಿ ಮೇಡಂಗೆ ಬೆಳಿಗ್ಗೆಯಿಂದಲೇ ತಲೆ ಕೆಟ್ಟಿತ್ತು. ಬುದ್ಧನ ಗುಡಿಯಲ್ಲಿ ಗುಸುಗುಸು, ಸ್ಮಶಾನದ ದಾರಿಯಲ್ಲಿ ರೀಲ್ಸು. ದೊಡ್ಡ ದೊಡ್ಡ ಮರಗಳ ಕೆಳಗೆ ಸಾವಿರಾರು ಗೋರಿಗಳು ಪಾಚಿಗಟ್ಟಿ ನಿಂತಿದ್ದರೆ, ಈ ಪುಣ್ಯಾತ್ಮರಿಗೆ ಚಿಪ್ಸಿನ ಪೊಟ್ಟಣ ಎಲ್ಲಿ ಎಸೆಯುವುದೆಂಬುದೇ ಚಿಂತೆ.

ದಾರಿಯ ಬದಿಯಲ್ಲಿ ಪುಟ್ಟ ಕಲ್ಲುಮೂರ್ತಿಗಳ ಸಾಲಿತ್ತು. ಎಲ್ಲದರ ಕೊರಳಿಗೂ ಕೆಂಪು ಜೊಲ್ಲುಬಟ್ಟೆ. ಸುಹಾಸನೆಂಬ ಹುಡುಗ ಒಂದರ ತಲೆ ತಟ್ಟಿ, "ಎಂತದಾ ಮಾರಾಯ, ಊಟಕ್ಕೆ ಕೂತಿದ್ಯಾ?" ಎಂದ. ಎಲ್ಲರೂ ಗೊಳ್ಳೆಂದರು.

ಜೊತೆಗಿದ್ದ ಜಪಾನಿ ಮಾರ್ಗದರ್ಶಿ ನಗಲಿಲ್ಲ. ಉಳಿಯದೇ ಹೋದ ಮಕ್ಕಳಿಗಾಗಿ ತಾಯಂದಿರು ಕಟ್ಟಿದ ಬಟ್ಟೆ ಅದು, ಹಳತಾದರೆ ಮತ್ತೆ ಬಂದು ಬದಲಿಸುತ್ತಾರೆ ಎಂದಳು. ಸುಹಾಸ ಕೈ ಹಿಂದಕ್ಕೆಳೆದುಕೊಂಡ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಹಿರಿಯ ಅಧ್ಯಾಪಕ ತ್ರ್ಯಂಬಕ ಸರ್ ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದರು. "ನಮ್ಮಲ್ಲಿ ಇದೆಲ್ಲ ಇಲ್ಲ. ಹಸುಗೂಸಿಗೆ ತಿಥಿ ಇಲ್ಲ, ಎಂತದೂ ಇಲ್ಲ. ಗಂಡಸರು ತಕಂಡು ಹೋಗಿ ಹುಗಿದು ಬರ್ತಾರೆ. ತಾಯಿಗೆ ಜಾಗ ಹೇಳೂದಿಲ್ಲ. ಬೇಗ ಮರೆತು ಹೋಗ್ತದೆ."

"ಯಾರಿಗೆ ಮರೆತು ಹೋಗ್ತದೆ ಸರ್?" ರೋಹಿಣಿಯ ದನಿಗೆ ಮಕ್ಕಳು ಬೆಚ್ಚಿದರು. "ನಂದು ಹೋಗಿ ಆರು ವರ್ಷ ಆತು. ಮರೆತು ಹೋಗಿದೆ ಅಂತ ನಿಮಗೆ ಯಾರು ಹೇಳಿದ್ರು?"

ಆಸ್ಪತ್ರೆಯಿಂದ ಬರಿಮಡಿಲಲ್ಲಿ ಬಂದ ತನಗೆ "ಮತ್ತೊಂದು ಆಗ್ತದೆ ಬಿಡು" ಎಂದವರೆಲ್ಲರ ಮೇಲೂ ರೋಹಿಣಿಗೆ ಒಟ್ಟಿಗೇ ಸಿಟ್ಟು ನೆತ್ತಿಗೇರಿತು. ಪಕ್ಕಕ್ಕೆ ಸರಿದು ಗಂಡನಿಗೆ ಫೋನ್ ಹಚ್ಚಿದಳು.

"ಮಗುನ ಎಲ್ಲಿ ಹುಗದ್ರಿ?"

ಮಾವಿನಕುರ್ವೆಯ ಮನೆಯಲ್ಲಿ ಚಾ ಕುಡಿಯುತ್ತಿದ್ದ ಉಮೇಶ ತಡವರಿಸಿದ. "ಎಂತಾತೇ ನಿಂಗೆ? ಅಷ್ಟು ದೂರದಿಂದ ಕೇಳೂದು ಇದಾ?"

"ಎಲ್ಲಿ?"

ಅವನು ಚಾದ ಲೋಟ ಕೆಳಗಿಟ್ಟ. "ಜಟ್ಟಿ ಮಾವ ತಕಂಡು ಹೋದ್ರು. ನಾ ಸಂಗಡ ಹೋಗ್ಲಿಲ್ಲ. ಮತ್ತೆ ಕೇಳ್ಲೂ ಇಲ್ಲ."

ತನಗೆ ಹೇಳದಿದ್ದರೂ ಅಪ್ಪನೆನಿಸಿಕೊಂಡವನಿಗಾದರೂ ಗೊತ್ತಿದೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಮೈಯೆಲ್ಲ ಉರಿಯಿತು.

"ಏಳಿ. ಜಟ್ಟಿ ಮಾವನ್ನ ಕರಕಂಡು ಹೋಗಿ. ಆ ಜಾಗದಲ್ಲಿ ನಿಂತು ನಂಗೆ ಫೋನ್ ಮಾಡಿ."

"ಈಗ್ಲೇಯಾ? ನಾಳೆ ಹೋದ್ರೆ ಆಗೂದಿಲ್ವಾ?"

"ನಿಮ್ಮ ಮಗು ಅದು," ಎಂದಳು ರೋಹಿಣಿ. "ಒಂದ್ಸಲ ಆದ್ರೂ ಹೋಗಿ ನೋಡಿ."

ಆ ಕಡೆ ಬೈಕ್ ಶುರುವಾದ ಸದ್ದು ಕೇಳುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.