ಪಟ್ಟಿಯ ಅಳತೆ

ಕಾಳಾಚಾರಿ ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ. ಗಾಡಿಯ ಚಕ್ರ ಕಟ್ಟುವುದರಲ್ಲಿ ಹುಣಸೂರಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಲಿತದ್ದನ್ನು ಬಚ್ಚಿಡುವುದರಲ್ಲೂ ಇರಲಿಲ್ಲ. ಹುಡುಕಿ ಹುಡುಕಿ ಜವರಯ್ಯ ಕಸುಬು ಕಲಿಯಲು ಇಂಥವನ ಹತ್ತಿರವೇ ಸೇರಿದ. ಆಗಲೇ ಮೀಸೆ ಬಲಿತ ಆಳು. ಒಕ್ಕಲು ಮನೆಯ ಕಿರಿಯ ಮಗ. ಇದ್ದ ತುಂಡು ಹೊಲ ಅಣ್ಣಂದಿರಿಗೇ ಸಾಲದು. "ನಿಂದೂ ಅಂತ ಒಂದು ಕಸುಬಿದ್ರೆ ಸಾಕಮ್ಮನ್ನ ಕೊಡ್ತೀನಿ ಕಣ್ಲಾ" ಎಂದು ಸೋದರಮಾವ ಕೆಂಪಯ್ಯ ಹೇಳಿಬಿಟ್ಟಿದ್ದ. ಸಾಕಮ್ಮನೆಂದರೆ ಜವರಯ್ಯನಿಗೆ ಜೀವ.

ವರ್ಷಗಟ್ಟಲೆ ಮರ ಕೊಯ್ದ, ಚಕ್ರದ ನಡುವಿನ ಗುಂಬ ಕೊರೆದ, ಅದಕ್ಕೆ ಸಿಕ್ಕಿಸುವ ಅರೆಕಾಲು ಕೆತ್ತಿದ. ಆಚಾರಿಯ ಎಮ್ಮೆಯನ್ನೂ ಮೇಯಿಸಿದ. ಎಲ್ಲ ಬಂತು, ಒಂದು ಬರಲಿಲ್ಲ. ಮರದ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ಕೊಂಚ ಗಿಡ್ಡವಾಗಿ ಕತ್ತರಿಸಬೇಕು. ಕಾಸಿದರೆ ಹಿಗ್ಗಿ ಚಕ್ರವನ್ನು ಹತ್ತುತ್ತದೆ, ನೀರು ಹೊಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಎಷ್ಟು ಗಿಡ್ಡ ಎಂಬುದೇ ಕಸುಬಿನ ಗುಟ್ಟು. ಆ ಗಳಿಗೆ ಬಂತೆಂದರೆ ಆಚಾರಿ ಅವನನ್ನು ನೀರು ತರಲು ಹೊಳೆಗೆ ಅಟ್ಟುತ್ತಿದ್ದ. ತಿರುಗಿ ಬರುವಷ್ಟರಲ್ಲಿ ಪಟ್ಟಿ ಬೆಸೆದು ಬಳೆಯಾಗಿರುತ್ತಿತ್ತು. ಕದ್ದು ಅಳೆಯಬಹುದಿತ್ತು. ಕದ್ದ ವಿದ್ಯೆ ಕೈಗೆ ಹತ್ತುವುದಿಲ್ಲವೆಂದು ನಂಬಿದ್ದ ಹುಚ್ಚಪ್ಪ ಅವನು.

ಕನ್ನಡ ನಾಡುಗಳು ಒಂದಾಗಿ ಮೈಸೂರು ರಾಜ್ಯಕ್ಕೆ ಹೊಸ ಎಲ್ಲೆ ಬಂದ ವರ್ಷ, ತಟ್ಟೆಯಲ್ಲಿ ವೀಳ್ಯ, ತೆಂಗಿನಕಾಯಿ, ಪಂಚೆ ಇಟ್ಟು ಗುರುವಿನ ಕಾಲಿಗೆ ಬಿದ್ದು ಸ್ವಂತ ಕಸುಬು ಹೂಡಲು ಅಪ್ಪಣೆ ಕೇಳಿದ. ಆ ದಿನ ಶಿಷ್ಯ ಕೇಳಿದ್ದನ್ನು ಗುರು ಇಲ್ಲವೆನ್ನುವಂತಿಲ್ಲ, ಅದು ಪದ್ಧತಿ.

"ಪಟ್ಟಿ ಅಳತೆ ಒಂದು ಯೋಳ್ಕೊಡಿ ಆಚಾರ್ರೆ."

ಆಚಾರಿ ಅವನ ತಲೆಯ ಮೇಲೆ ಕೈಯಿಟ್ಟ. "ಎಲ್ಡು ಬೆರಳು ಕಮ್ಮಿ ಕತ್ತರಿಸು ಕಣಪ್ಪ. ಒಳ್ಳೇದಾಗ್ಲಿ."

ಬೆಳ್ಳಗಿರುವುದೆಲ್ಲ ಹಾಲು ಎಂದುಕೊಂಡ ಜವರಯ್ಯ ಬಸ್ಸುಗಳು ನಿಲ್ಲುವ ಕೂಡುರಸ್ತೆ ಹ್ಯಾಂಡ್‌ಪೋಸ್ಟಿನಲ್ಲಿ ಚಪ್ಪರ ಹಾಕಿದ. ಹೊಗೆಸೊಪ್ಪಿನ ವ್ಯಾಪಾರಿ ಗುರುಮಲ್ಲಪ್ಪ ಮೊದಲ ಜೋಡಿ ಚಕ್ರ ಮಾಡಿಸಿದ. ಪಟ್ಟಿ ಹತ್ತಿಸಲು ಬಡಿದು ಬಡಿದು ಜವರಯ್ಯನ ತೋಳು ಸೋತಿತು. ಇಷ್ಟು ಬಿಗಿಯೇಕೆ ಎಂದು ಮನಸ್ಸು ಒಮ್ಮೆ ಕೇಳಿತು. ತಲೆ ಮುಟ್ಟಿ ಹೇಳಿದ ಮಾತನ್ನು ಒರೆಗೆ ಹಚ್ಚುವುದುಂಟೆ ಎಂದು ಅದರ ಬಾಯಿ ಮುಚ್ಚಿಸಿದ.

ಹೇರು ತುಂಬಿದ ಗಾಡಿ ಹುಣಸೂರು ದಾರಿಯ ಇಳಿಜಾರಿನಲ್ಲಿ ಮಗುಚಿತು. ಬಿಗಿ ತಾಳದೆ ಅರೆಕಾಲುಗಳು ಸೀಳಿದ್ದವು. ಎತ್ತೊಂದರ ಕಾಲು ಮುರಿಯಿತು.

"ಬಾಯಿಲ್ದ ಪ್ರಾಣಿ ಕಾಲು ಮುರಿದ್ಯಲ್ಲೋ ಪಾಪಿ!" ಗುರುಮಲ್ಲಪ್ಪ ಬಸ್ಸಿಗೆ ಕಾದು ನಿಂತವರ ಎದುರಿಗೇ ಉಗಿದ. ಬಸ್ಸಿನ ಜೊತೆ ಆ ಮಾತೂ ಕೋಟೆಗೆ, ಹುಣಸೂರಿಗೆ, ಪಿರಿಯಾಪಟ್ಟಣಕ್ಕೆ ಹೋಯಿತು. ಮತ್ತೆ ಯಾರೂ ಚಪ್ಪರದ ಕಡೆ ತಿರುಗಲಿಲ್ಲ. ಕೆಂಪಯ್ಯ ಮಗಳನ್ನು ಕೃಷ್ಣರಾಜನಗರದ ಕಡೆ ಕೊಟ್ಟುಬಿಟ್ಟ.

ಕೊಂದೇ ಬಿಡುತ್ತೇನೆಂದು ಜವರಯ್ಯ ಹುಣಸೂರಿಗೆ ಹೋದ. ಆಚಾರಿ ತಲೆ ತಗ್ಗಿಸಲಿಲ್ಲ.

"ಸುಳ್ಳೇ ಯೋಳ್ದೆ, ಏನೀಗ? ನಿಮ್ಮೋರ್ಗೆ ಮಣ್ಣೈತೆ. ನಮಗಿರೋದು ಇದೊಂದು ಅಳತೆ. ಅದ್ನೂ ಕೊಟ್ರೆ ನಮ್ಮೋರು ಏನ್ ತಿನ್ಬೇಕು?"

"ನಂಗೆಲ್ಲೈತೆ ಆಚಾರ್ರೆ ಮಣ್ಣು?"

ಆಚಾರಿ ತಿರುಗಿ ಉಳಿ ಹಿಡಿದ. ಹೊಡೆಯಬೇಕೆಂದು ಬಂದ ಜವರಯ್ಯನ ಕೈ ಮೇಲೇಳಲಿಲ್ಲ. ಊರಿಗೆ ಹೋಗಿ ಅತ್ತಿಗೆಯರ ಮುಂದೆ ತಟ್ಟೆ ಒಡ್ಡುವುದಕ್ಕಿಂತ ಇದೇ ವಾಸಿಯೆಂದು, ನಾಚಿಕೆ ಬಿಟ್ಟು, ಕೂಲಿಗಾದರೂ ಇಟ್ಟುಕೊಳ್ಳಿ ಎಂದು ಕೇಳಿದ. ಆಚಾರಿ ಇಟ್ಟುಕೊಂಡ. ಕಲಿತ ಆಳು ಅಗ್ಗಕ್ಕೆ ಸಿಕ್ಕರೆ ಯಾರು ಬೇಡವೆಂದಾರು!

ಮಾರನೆಯ ದಿನವೇ ಒಂದು ಚಕ್ರಕ್ಕೆ ಪಟ್ಟಿ ತೊಡಿಸುವುದಿತ್ತು. ಜವರಯ್ಯ ತಾನಾಗಿಯೇ ಹೊರಗೆ ಹೊರಟ.

"ಎಲ್ಲಿಗ್ಲಾ? ಕುಂತ್ಕೊ" ಎಂದ ಆಚಾರಿ. "ಇನ್ ನೀನ್ ನೋಡಿದ್ರೆ ನಂಗೇನು? ನಿಂಗ್ಯಾರು ಚಕ್ರ ಕೊಡ್ತಾರೆ?"

ಅವನ ಕಣ್ಣೆದುರಿಗೇ ಪಟ್ಟಿಯ ತುದಿಯಲ್ಲಿ ಬೆರಳಿಟ್ಟು ಗೀರೆಳೆದ. ಒಂದೇ ಬೆರಳು.

ಜವರಯ್ಯನ ಕಲಿಕೆ ಅಂದಿಗೆ ಮುಗಿಯಿತು.