ಕೊಂದವರನ್ನೂ ಕುಣಿಸುವ ರಿಡಿಮ್

ಟೆನ್ನಿಸನ್ ಹಾಡಲು ಬಾಯಿ ತೆರೆಯುವ ಮೊದಲೇ ಲೆಬರ್ಟ್ ಮೈಕಿನ ವೈರು ಕಿತ್ತೆಸೆದ.

"ನಾನು ಗಿಟಾರಲ್ಲಿ ನುಡಿಸಿದ ಬೇಸಿನ ಮೇಲೆ ಆ ಪಾರ್ಟಿಯವನ ಹೊಗಳಿಕೆ ಹಾಡಿದ್ರೆ ನಾಲಿಗೆ ಸೀಳ್ತೀನಿ!"

ಸ್ಟುಡಿಯೋ ಯಜಮಾನ ಪರ್ಸಿವಲ್ ಗಾಜಿನ ಹಿಂದಿನಿಂದ ಎದ್ದು ಬಂದ. "ಏನೋ ನಿಂದು ರಗಳೆ? ಇದೇ ಡ್ರಮ್ಮು, ಇದೇ ಬೇಸಿನ ಮೇಲೆ ಆಗ್ಲೇ ಮೂರು ಜನ ಹಾಡಿದಾರೆ. ಒಬ್ಬ ಹಸಿವು ಅಂದ, ಒಬ್ಬಳು ಪ್ರೀತಿ ಅಂದ್ಲು, ಆ ಜಡೆ ಮುದುಕ ಜಾ ಜಾ ಅಂತ ಅವನ ದೇವರನ್ನ ಕೂಗ್ದ. ಆಗೆಲ್ಲ ಹಲ್ಲು ಕಿರಿದೆ. ಈ ಡ್ರಮ್ಮು-ಬೇಸಿನ ರಿಡಿಮ್ ಅಂದ್ರೆ ವಠಾರದ ನಲ್ಲಿ ಕಣೋ. ಯಾರು ಬೇಕಾದ್ರೂ ಬಂದು ಬಕೆಟ್ ಇಡ್ತಾರೆ."

"ರಕ್ತದ ಕೈ ತೊಳೆಯೋಕೂ?"

ಆ ಬೇಸನ್ನು ಲೆಬರ್ಟ್ ಕಟ್ಟಿದ್ದು ತಮ್ಮ ಆಸ್ಬರ್ನ್‌ನನ್ನು ಮಣ್ಣು ಮಾಡಿ ಬಂದ ವಾರ. ಚುನಾವಣೆಯ ಗೋಡೆಬರಹ ಅಳಿಸಿದನೆಂದು ಆ ಪಾರ್ಟಿಯ ಹುಡುಗರು ಅವನನ್ನು ಹಾಡಹಗಲೇ ಗುಂಡಿಕ್ಕಿ ಬಿಸಾಕಿದ್ದರು. ಯಾರು ಕೊಂದರೆಂದು ಓಣಿಗೆಲ್ಲ ಗೊತ್ತು. ಬಾಯಿ ಬಿಟ್ಟವನೊಬ್ಬನಿಲ್ಲ.

ಟೆನ್ನಿಸನ್ ನೆಲ ನೋಡುತ್ತ ಹೇಳಿದ, "ಗುರೂ, ನಿನ್ನೆ ಮನೆಗೇ ಬಂದಿದ್ರು ಆ ಪಾರ್ಟಿಯವ್ರು. ಹಾಡಲ್ಲ ಅನ್ನೋಕೆ ನಂಗೇನು ಎರಡು ಪ್ರಾಣ ಐತಾ?"

ಪರ್ಸಿವಲ್‌ನ ಆಳುಗಳು ಲೆಬರ್ಟನನ್ನು ಕತ್ತು ಹಿಡಿದು ಹೊರದಬ್ಬಿದರು.

ಮುಂದಿನ ತಿಂಗಳು ಟೆನ್ನಿಸನ್ ಹಾಡಿದ ರೆಕಾರ್ಡ್ ಬಂತು. ಭಾನುವಾರ ಇಳಿಹೊತ್ತು ಓಣಿಯಲ್ಲಿ ಬೀರುವಿನಷ್ಟೆತ್ತರದ ಸ್ಪೀಕರ್‌ಗಳು ಎದ್ದವು. ರೆಕಾರ್ಡ್ ಹಾಕುವ ಹುಡುಗ ಬಾಗಿ, ಆ ರಿಡಿಮ್ಮಿನ ಹಾಡುಗಳನ್ನೆಲ್ಲ ಒಂದರ ಬೆನ್ನಿಗೊಂದು ಹಾಕಿ, ಕೊನೆಗೆ ಟೆನ್ನಿಸನ್‌ನದನ್ನು ಹಾಕಿದ. ಈಗ ಬಾಟಲಿ ತೂರುತ್ತಾರೆ ಎಂದುಕೊಂಡ ಲೆಬರ್ಟ್. ಎಲ್ಲಿ! ಬೇಸ್ ಬಿದ್ದದ್ದೇ ತಡ, ಸೊಂಟಗಳು ಬಳುಕಿದವು. ಮೊದಲಿಂದ ಹಾಕು ಎಂದು ತಗಡಿನ ಬೇಲಿಯನ್ನು ದಬದಬ ಬಡಿದರು. ಆಸ್ಬರ್ನ್‌ನ ಜೊತೆ ಚೆಂಡಾಡಿದವರೇ ಬಡಿದರು. ಅವರನ್ನು ಕುಣಿಸುತ್ತಿದ್ದುದು ತನ್ನದೇ ಬೆರಳು. ಕಡಿದು ನಾಯಿಗೆ ಹಾಕಬೇಕು ಈ ಬೆರಳನ್ನು ಎನ್ನಿಸಿತು ಅವನಿಗೆ.

ಜನರನ್ನು ನೂಕಿಕೊಂಡು ಬಾಗಿಯ ಬಳಿ ಹೋದ. "ರೆಕಾರ್ಡ್ ಮಗುಚಿ ಹಾಕು."

"ಆ ಕಡೆ ಬರೀ ವಾದ್ಯ ಕಣಣ್ಣ, ಹಾಡೇ ಇಲ್ಲ."

"ಅದಕ್ಕೇ. ಮೈಕ್ ಕೊಡು."

"ನೀನಾ? ನೀನು ಕೆಮ್ಮಿದ್ರೇ ನಾಯಿ ಓಡೋಗ್ತವೆ!"

"ಇದ್ರ ಮೇಲೆ ಯಾರು ಬೇಕಾದ್ರೂ ಹಾಡ್ಬೋದಂತೆ. ಕೊಡೋ ಇಲ್ಲಿ."

ಲೆಬರ್ಟನಿಗೆ ರಾಗ ಒಲಿದಿರಲಿಲ್ಲ. ತಾಳಕ್ಕೆ ಸರಿಯಾಗಿ ತಮ್ಮನ ಹೆಸರು ಹೇಳಿದ. ಗುಂಡು ಹಾರಿಸಿದವನ ಹೆಸರು ಹೇಳಿದ, ಅವನ ಮನೆ ಯಾವ ಮೂಲೆಯಲ್ಲಿದೆ ಎಂದೂ ಹೇಳಿದ. ಕೈಕಾಲು ಹಿಡಿದುಕೊಂಡವನ ಹೆಸರು ಹೇಳಿದ. ಕುಣಿತ ನಿಂತಿತು. ತಾಯಂದಿರು ಮಕ್ಕಳನ್ನು ದರದರ ಎಳೆದುಕೊಂಡು ಒಳಗೆ ಹೋದರು. ಗೇಟಿನ ಬಳಿ ಬಿಯರ್ ಹಿಡಿದು ನಿಂತಿದ್ದ ಇಬ್ಬರು ತಂತಮ್ಮ ಹೆಸರು ಕೇಳಿ ತಲೆ ಎತ್ತಿದರು.

ಬಾಗಿ ಬೆವರುತ್ತ ರೆಕಾರ್ಡ್ ನಿಲ್ಲಿಸಲು ಕೈ ಚಾಚಿದ. ಲೆಬರ್ಟ್ ಅವನ ಮಣಿಕಟ್ಟು ಹಿಡಿದ.

"ಮುಟ್ಟಿದ್ರೆ ನೋಡು. ಬಂದೂಕು ಕೊಟ್ಟೋನ ಹೆಸರು ಇನ್ನೂ ಬಾಕಿ ಇದೆ."