ಕಡವಿನಲ್ಲಿ ಕಟ್ಟಿದ ದೋಣಿ

ನನ್ನ ಅಕ್ಕ ಪದ್ಮಾಕ್ಷಿಗೆ ಹುಲಿ ಹಿಡಿದುಕೊಂಡು ಬಾ ಅಂದರೆ ಹಗ್ಗ ಎಲ್ಲಿ ಅಂತ ಕೇಳಿಯಾಳು. ಹೊಳೆ ದಾಟು ಅಂದರೆ ಮಾತ್ರ ಅವಳ ಮುಖ ಬಿಳಿಚಿಕೊಳ್ಳುತ್ತದೆ. ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ಕಡವು, ಹೊಳೆಯಾಚೆ ಸಿದ್ಧಕಟ್ಟೆಯ ದಾರಿ. ಊರಿಗೆ ಊರೇ ಡೊಂಬಯ್ಯನ ದೋಣಿಯಲ್ಲಿ ಅತ್ತಿತ್ತ ಹೋಗುತ್ತದೆ. ಅಕ್ಕ ಆಚೆ ದಡದ ಅಂಗಡಿಯಿಂದ ನನ್ನ ಕೈಯಲ್ಲಿ ಬೆಲ್ಲ ತರಿಸುತ್ತಾಳೆ, ಬೆಲ್ಲ ಚೆನ್ನಾಗಿಲ್ಲ ಅಂತ ನನ್ನನ್ನೇ ಬೈಯುತ್ತಾಳೆ.

ಅವಳನ್ನು ತಮಾಷೆ ಮಾಡುತ್ತೇನಾದರೂ ಕಾರಣ ನನಗೆ ಗೊತ್ತು. ನಮ್ಮ ಕೊನೆಯ ತಮ್ಮ ಅಣ್ಣು ಹೋದದ್ದು ಅದೇ ಕಡವಿನ ಕಯದಲ್ಲಿ. ಬೇಸಗೆಯಲ್ಲೂ ಆಳೆತ್ತರ ನೀರು ನಿಲ್ಲುವ ಜಾಗ ಅದು. ಅಕ್ಕ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು, ಅವನು ಪಕ್ಕದಲ್ಲೇ ಆಡುತ್ತಿದ್ದ. ಅವನನ್ನು ಮೇಲೆ ತಂದು ಮಲಗಿಸಿದ ದಿನದಿಂದ ಅವಳು ಆ ಕಲ್ಲಿನ ಹತ್ತಿರ ಹೋದದ್ದಿಲ್ಲ. ಮುಂದೆ ಮಗಳು ಕಾಂತಿ ಹುಟ್ಟಿ ಓಡಾಡುವ ಹಾಗಾದಾಗ ಅವಳನ್ನೂ ಬಿಡಲಿಲ್ಲ. ಮಗು ಹೊಳೆಯ ಕಡೆ ತಿರುಗಿದರೆ ಸಾಕು, "ಅಣ್ಣು ಮಾವ ನೀರಿನಲ್ಲಿ ಕೂತಿದ್ದಾನೆ, ಕಾಲು ಹಿಡಿದು ಎಳೆಯುತ್ತಾನೆ" ಎಂದು ಹೆದರಿಸುತ್ತಿದ್ದಳು. ಮಕ್ಕಳನ್ನು ಹೆದರಿಸದ ತಾಯಂದಿರು ಯಾರಿದ್ದಾರೆ? ನಾನೂ ಸುಮ್ಮನಿದ್ದೆ.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಕಾಂತಿಗೆ ಮದುವೆಯಾಯಿತು. ಅಳಿಯ ಶೇಖರ ಮೇಷ್ಟ್ರು, ಚಿನ್ನದಂಥ ಮನುಷ್ಯ. ಅವರ ಊರು ಪಡುಕೋಡಿ ಅಂತ ತಿಳಿದಾಗ ಮಾತ್ರ ಅಕ್ಕನ ಬಾಯಿ ಒಣಗಿತು. ಉಡುಪಿಯಿಂದಲೂ ಆಚೆ, ಎದುರಿಗೆ ಕಡಲು, ಬೆನ್ನಿಗೆ ಅಳಿವೆಯ ಹೊಳೆ, ನಡುವೆ ಒಂದು ಪಟ್ಟಿ ಮರಳು. ದೋಣಿಯಿಲ್ಲದೆ ಅಲ್ಲಿಗೆ ಕಾಗೆ ಮಾತ್ರ ಹೋಗಬೇಕು. ಮದುವೆ ನಮ್ಮ ಅಂಗಳದಲ್ಲಾಯಿತು, ದಿಬ್ಬಣದೊಂದಿಗೆ ಮಗಳು ಹೋದಳು, ಅಕ್ಕ ಮನೆಯಲ್ಲೇ ಉಳಿದಳು.

ಮೊದಲ ಆಷಾಢಕ್ಕೆ, ನಮ್ಮ ಆಟಿ ತಿಂಗಳಿಗೆ, ಮದುಮಗಳು ತಾಯಿ ಮನೆಗೆ ಬಂದು ಕೂರುವುದು ನಮ್ಮ ಕ್ರಮ. ಕಾಂತಿ ಬರಲಿಲ್ಲ. ಮಳೆಗೆ ದೋಣಿ ಇಲ್ಲ ಅಂತ ಹೇಳಿ ಕಳಿಸಿದರು, ಆಗಲಿ. ದೀಪಾವಳಿಗೂ ಬರಲಿಲ್ಲ, ಮೈಗೆ ಸೌಖ್ಯ ಇಲ್ಲವಂತೆ. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಮೇಷ್ಟ್ರ ಹೆಂಡತಿಗೆ ಈಗ ನಮ್ಮ ಮನೆ ಬೇಡವಾಯಿತು" ಎಂದಳು. ಆಮೇಲೆ ಮಗಳ ಹೆಸರು ಎತ್ತಿದರೆ ಎದ್ದು ದನದ ಹಟ್ಟಿಯ ಕಡೆ ಹೋಗುತ್ತಿದ್ದಳು.

ಈಗ ಕಾಂತಿಗೆ ಏಳು ತಿಂಗಳು. ಬಯಕೆಯ ಊಟ ಬಡಿಸಿ ಚೊಚ್ಚಲ ಹೆರಿಗೆಗೆ ಕರೆದುಕೊಂಡು ಬರಬೇಕಾದವರು ತಾಯಿ ಮನೆಯ ಹೆಂಗಸರು, ಅಂದರೆ ಅಕ್ಕ ಮತ್ತು ನಾನು. ಬೇಸಗೆಯ ಕೊನೆಯ ಬೇಶ ತಿಂಗಳು ಅರ್ಧ ಕಳೆದಿತ್ತು. ಮಳೆ ಹಿಡಿದರೆ ಪಡುಕೋಡಿಯ ಕಡವು ನಿಂತುಬಿಡುತ್ತದೆ. ಸೂಲಗಿತ್ತಿ ಇರುವುದು ಅಳಿವೆಯ ಈಚೆ. ಹುಡುಗಿಗೆ ನಡುಮಳೆಯಲ್ಲಿ ಬೇನೆ ಬಂದರೆ ಅಲ್ಲಿ ಏನು ಗತಿ?

ದಾರಿ ಹೇಳಿಕೊಟ್ಟದ್ದು ಅಬೂಬಕ್ಕರ್ ಬ್ಯಾರಿಗಳು. ಅವರು ಪಡುಕೋಡಿಯಿಂದ ಒಣಮೀನು ತಂದು ನಮ್ಮ ಕಡೆಯ ಸಂತೆಗಳಲ್ಲಿ ಮಾರುವವರು. ಮೂಡುಬಿದಿರೆಗೆ ನಡೆದು ಹೋಗಿ ಬಸ್ಸು ಹಿಡಿಯುವುದು, ಕಾರ್ಕಳದಲ್ಲಿ ಬದಲಿಸುವುದು, ಉಡುಪಿಯಲ್ಲಿ ಮತ್ತೆ ಬದಲಿಸುವುದು, ಕೊನೆಗೆ ದೋಣಿ. ಅಕ್ಕ ಜಗಲಿಯಲ್ಲಿ ಕೂತು ಬಾಯಿಪಾಠ ಮಾಡುವಳು. ಉಡುಪಿಯವರೆಗೆ ಸ್ವರ ಗಟ್ಟಿ ಇರುತ್ತಿತ್ತು, ಆಮೇಲೆ ಇಳಿದು ಹೋಗುತ್ತಿತ್ತು.

"ಅಲ್ಲಿ ಆಳ ಎಷ್ಟು ಉಂಟು, ಬ್ಯಾರಿಗಳೇ?"

"ಆಳ ಕೇಳಬೇಡಿ ಅಕ್ಕ, ಅಗಲ ಕೇಳಿ. ಒಂದು ವೀಳ್ಯ ಜಗಿದು ಮುಗಿಯುವಾಗ ಆಚೆ ದಡ."

"ಕಡಲು ರಾತ್ರಿಯಾದರೂ ಸುಮ್ಮನಾಗ್ತದಾ?"

"ಅದು ಸುಮ್ಮನಾಗುವುದಿಲ್ಲ. ನೀವೇ ಅಭ್ಯಾಸ ಮಾಡಿಕೊಳ್ಳಬೇಕು."

ಅಕ್ಕ ಅಭ್ಯಾಸ ಶುರು ಮಾಡಿದಳು. ಬೆಳಿಗ್ಗೆ ಕಡವಿಗೆ ಇಳಿದು, ಡೊಂಬಯ್ಯನ ದೋಣಿಯನ್ನು ತೆಂಗಿನ ಮರಕ್ಕೆ ಎರಡು ಹಗ್ಗದಲ್ಲಿ ಕಟ್ಟಿಸಿ, ಅದರಲ್ಲಿ ಕಣ್ಣು ಮುಚ್ಚಿ ಕೂರುವುದು. ಹಾಗೆ ಕೂತರೂ ಅಂಚು ಹಿಡಿದ ಬೆರಳುಗಳು ನಡುಗುತ್ತಿದ್ದವು, ಹಣೆಯಲ್ಲಿ ಬೆವರು. ಡೊಂಬಯ್ಯ ದಡದಲ್ಲಿ ಬೀಡಿ ಸೇದುತ್ತ, "ಪದ್ಮಾಕ್ಷಿಯಕ್ಕ, ಇಷ್ಟು ಹೊತ್ತಿಗೆ ಪಡುಕೋಡಿ ಬಂತು, ಇಳಿಯಿರಿ" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ನಗದೆ ಇನ್ನೇನು ಮಾಡಲಿ, ಆ ಕಯದ ಕಪ್ಪು ನೀರು ಕಂಡರೆ ನನಗೂ ಹೆದರಿಕೆಯೇ.

ಚಕ್ಕುಲಿ, ಅರಳುಂಡೆ, ನೆಯ್ಯಪ್ಪ ಎಲ್ಲ ಡಬ್ಬಿ ಸೇರಿದವು. ಕಡಲ ಬದಿಯ ಬಾವಿಯೆಲ್ಲ ಉಪ್ಪು ಅಂತ ನಮ್ಮ ಬಾವಿಯ ನೀರು ಒಂದು ಹೂಜಿಯಲ್ಲಿ ತುಂಬಿತು. ಅದರ ಪಕ್ಕದಲ್ಲಿ ಹೊಸ ತೆಂಗಿನ ಹಗ್ಗದ ಸುರುಳಿ.

"ಇದು ಯಾಕೆ?" ಅಂತ ಕೇಳಿದೆ.

"ದೋಣಿಯಲ್ಲಿ ನಿನ್ನ ಸೊಂಟಕ್ಕೂ ನನ್ನ ಸೊಂಟಕ್ಕೂ ಕಟ್ಟಲಿಕ್ಕೆ."

"ನೀನು ಬಿದ್ದರೆ ನಾನೂ ಬೀಳಬೇಕಲ್ಲ, ಮಾರಾಯ್ತಿ."

"ಒಬ್ಬಳೇ ಹೋಗುವುದಕ್ಕಿಂತ ಅದು ವಾಸಿ" ಎಂದಳು ಅಕ್ಕ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಹೊರಡುವ ದಿನ ಹತ್ತಿರ ಬಂದ ಹಾಗೆ ನೆಪಗಳು ಹುಟ್ಟಿದವು. ಮಂಗಳವಾರ ಆಗದು, ಅಮಾವಾಸ್ಯೆ ಕಳೆಯಲಿ, ದನ ಕರು ಹಾಕುವುದರಲ್ಲಿದೆ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಕೊನೆಗೆ ನಾಳೆ ಹೊರಡುವುದು ಅಂತ ಆದ ಸಂಜೆ ಅಬೂಬಕ್ಕರ್ ಬ್ಯಾರಿಗಳು ಬಂದರು. ಅವರೆದುರೇ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು:

"ಜಲಜಾಕ್ಷಿ, ನೀನೊಬ್ಬಳೇ ಹೋಗು. ಹೇಗೂ ಮೇಷ್ಟ್ರು ಅಲ್ಲಿಯ ಕಡವಿಗೆ ಬರ್ತಾರೆ. ನನ್ನಿಂದ ಆಗುವುದಿಲ್ಲ. ಆಟಿಗೂ ಬಾರದವಳಿಗೆ ನಾನು ಬಂದರೆಷ್ಟು, ಬಿಟ್ಟರೆಷ್ಟು."

ನನ್ನ ಬಾಯಿಗೆ ಕೆಟ್ಟ ಮಾತೇ ಬಂದಿತ್ತು. ಅಷ್ಟರಲ್ಲಿ ಬ್ಯಾರಿಗಳು ತಲೆಯ ಮುಂಡಾಸು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹೇಳಬಾರದು ಅಂತ ನಿಮ್ಮ ಮಗಳು ಆಣೆ ಹಾಕಿಸಿದ್ದಾರೆ. ಆದರೆ ಹೇಳ್ತೇನೆ. ದೀಪಾವಳಿಗೆ ಅವರು ಹೊರಟಿದ್ದರು, ಪದ್ಮಾಕ್ಷಿಯಕ್ಕ. ನಾನು ಅಲ್ಲೇ ಇದ್ದೆ. ಪೆಟ್ಟಿಗೆ ದೋಣಿಯಲ್ಲಿ ಇಟ್ಟಾಗಿತ್ತು. ಒಂದು ಕಾಲು ಎತ್ತಿದವರು ಹಾಗೇ ನಿಂತರು. ಆಮೇಲೆ ಮರಳಿನಲ್ಲಿ ಕೂತು ಅತ್ತರು. ಮದುವೆಯ ದಿನ ನಾದಿನಿ ಮುಖ ಮುಚ್ಚಿ ಮಡಿಲಲ್ಲಿ ಮಲಗಿಸಿಕೊಂಡು ದಾಟಿಸಿದ್ದಂತೆ. ಅದೇ ಕೊನೆ. ಮತ್ತೆ ದೋಣಿ ಹತ್ತಿದ್ದಿಲ್ಲ."

"ಅವಳಿಗೆ ಯಾಕೆ ಭಯ?" ಎಂದಳು ಅಕ್ಕ.

"ನೀರಿನಲ್ಲಿ ಕಾಲು ಹಿಡಿಯುತ್ತಾರೆ ಅಂತಾರೆ. ಯಾರು ಅಂತ ಕೇಳಿದರೆ ಹೇಳುವುದಿಲ್ಲ. ಮೇಷ್ಟ್ರು ಎಷ್ಟು ಸಮಾಧಾನ ಹೇಳಿದರೂ ಅಷ್ಟೇ. ಈಗ ಬಯಕೆಗೆ ನೀವು ಬಂದರೂ ಅವರು ದೋಣಿ ಹತ್ತುತ್ತಾರೆ ಅಂತ ನನಗೆ ನಂಬಿಕೆ ಇಲ್ಲ."

ನಾನು ಅಕ್ಕನ ಮುಖ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಸಿಟ್ಟು ಮಾಡಿಕೊಂಡು ಕೂತಿದ್ದೆವಲ್ಲ, ಆ ಹುಡುಗಿ ಅಷ್ಟು ದಿನವೂ ಮರಳಿನ ಮೇಲೆ ನಿಂತು ಈಚೆ ದಡ ನೋಡುತ್ತಿದ್ದಳು ಅನ್ನಿಸಿತು.

ಅಕ್ಕ ಎದ್ದು ಅಂಗಳ ದಾಟಿ ಕಡವಿನ ಕಡೆ ನಡೆದಳು. ನಾನು ಹಿಂದೆಯೇ ಓಡಿದೆ. ಇನ್ನೂ ಬೆಳಕಿತ್ತು. ಡೊಂಬಯ್ಯ ದೋಣಿ ಕಟ್ಟುತ್ತಿದ್ದ. ಅವಳು ಹತ್ತಿ ಎಂದಿನ ಜಾಗದಲ್ಲಿ ಕೂತಳು. ಅಂಚು ಹಿಡಿದ ಬೆರಳು ಎಂದಿನಂತೆಯೇ ನಡುಗುತ್ತಿತ್ತು.

"ಹಗ್ಗ ಬಿಚ್ಚು, ಡೊಂಬಯ್ಯ."

ಡೊಂಬಯ್ಯ ನನ್ನ ಮುಖ ನೋಡಿದ. ನಾನು ಹತ್ತಿ ಅಕ್ಕನ ಪಕ್ಕದಲ್ಲಿ ಕೂತೆ. ಎರಡೂ ಹಗ್ಗ ಬಿಚ್ಚಿದ್ದೇ ದೋಣಿ ಒಮ್ಮೆ ಓಲಾಡಿತು, ಅಕ್ಕ ನನ್ನ ತೋಳು ಹಿಡಿದಳು. ಅವಳ ಉಗುರು ನನ್ನ ಚರ್ಮದೊಳಗೆ ಇಳಿಯಿತು. ಡೊಂಬಯ್ಯ ಆ ದಿನ ತಮಾಷೆ ಮಾಡದೆ ಮೆಲ್ಲನೆ ಬಿದಿರ ಜಲ್ಲೆ ಊರಿದ.

ಕಯದ ನಡುವೆ ಬಂದಾಗ ಅಕ್ಕ ಕಣ್ಣು ಬಿಟ್ಟು ನೀರು ನೋಡಿದಳು. ಅಣ್ಣು ಹೋದ ಮೇಲೆ ಅವಳು ಆ ನೀರನ್ನು ನೋಡಿದ್ದು ಅದೇ ಮೊದಲು.

"ಅಣ್ಣೂ, ನೀನು ಯಾರ ಕಾಲನ್ನೂ ಹಿಡಿದವನಲ್ಲ" ಎಂದಳು. "ನಾನೇ ನಿನ್ನನ್ನು ಇಲ್ಲಿ ಕೂರಿಸಿದ್ದು. ಇನ್ನು ನೀನು ಹೋಗು, ಮಗಾ. ನಾನು ನಾಳೆ ಅಲ್ಲಿಗೆ ಹೋಗಿ ಅವಳಿಗೆ ಹೇಳ್ತೇನೆ."

ಆಚೆ ದಡ ಮುಟ್ಟುವವರೆಗೂ ಅವಳು ನನ್ನ ತೋಳು ಬಿಡಲಿಲ್ಲ. ಇಳಿದು ಒದ್ದೆ ಮರಳಿನಲ್ಲಿ ನಿಂತು, ಹಿಂದಿರುಗಿ ನಮ್ಮ ಮನೆಯ ಕಡೆ ನೋಡಿದಳು. ಅದನ್ನು ಆ ದಡದಿಂದ ಅವಳು ನೋಡದೆ ಎಷ್ಟೋ ವರ್ಷವಾಗಿತ್ತು.

"ನಡಿ, ಪುನಃ ಹತ್ತುವ" ಎಂದಳು. "ಅವಳೆದುರು ಹತ್ತುವಾಗ ನನ್ನ ಕೈ ನಡುಗಬಾರದು."